ಅಟ್ಟದ ಟ್ರಂಕಿನ ಫೋಟೊ, ಮೂವತ್ತು ಮನೆಯ ನೆಂಟರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಫೋಟೊ, ಕ್ಯಾಸೆಟ್ಟು, ಲಗ್ನಪತ್ರಿಕೆಗಳನ್ನು ದೊಡ್ಡ ಕುಟುಂಬದವರೆಲ್ಲ ಹಂಚಿಕೊಳ್ಳುವ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ತಾತನ ಕಾಲದ ಕಬ್ಬಿಣದ ಟ್ರಂಕಿನಲ್ಲಿ ಎಂಟುನೂರಕ್ಕೂ ಹೆಚ್ಚು ಫೋಟೊ ಇವೆ. ತಾತನಿಗೆ ಏಳು ಮಕ್ಕಳು. ಮೊಮ್ಮಕ್ಕಳು ಬೆಂಗಳೂರು, ಪುಣೆ, ಅಮೆರಿಕದಲ್ಲಿ ಚದುರಿದ್ದಾರೆ. ಎಲ್ಲರಿಗೂ ಹಂಚಲು ಸ್ಕ್ಯಾನರ್ ಕೊಳ್ಳಬೇಕೆಂದಿದ್ದೇನೆ. ಯಾವ ತರಹದ್ದು ಒಳ್ಳೆಯದು? ಅಜ್ಜಿಗೆ ಈಗ 85.
— ತೀರ್ಥಹಳ್ಳಿಯ ಓದುಗರು

ಉತ್ತರ: ಸ್ಕ್ಯಾನರ್ ಆಮೇಲೆ ಕೊಳ್ಳಿ, ಮೊದಲು ಅಜ್ಜಿಯ ಹತ್ತಿರ ಕೂತುಕೊಳ್ಳಿ. ಟ್ರಂಕಿನ ಫೋಟೊ ಇನ್ನೈದು ವರ್ಷ ಹಾಗೇ ಇದ್ದರೆ ಇನ್ನಷ್ಟು ಮಾಸೀತು, ಅಷ್ಟೆ. ಅದರಲ್ಲಿರುವವರು ಯಾರೆಂದು ಹೇಳುವವರು ಇಲ್ಲದಾದರೆ ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಅದು ಗುರುತಿಲ್ಲದವರ ಫೋಟೊ.

ಎಂಟುನೂರನ್ನೂ ಅಜ್ಜಿಯ ಮುಂದೆ ಸುರಿಯಬೇಡಿ. ನಿಮ್ಮ ತಂದೆ, ಅತ್ತೆ, ಚಿಕ್ಕಪ್ಪಂದಿರು ಗುರುತಿಸಬಲ್ಲವನ್ನು ಬೇರೆ ಮಾಡಿ. ಉಳಿದದ್ದು, ಅಂದರೆ ಅಜ್ಜಿಯೊಬ್ಬರಿಗೇ ಗೊತ್ತಿರುವುದು, ಸಾಮಾನ್ಯವಾಗಿ ನೂರರ ಒಳಗೇ ಇರುತ್ತದೆ. ಒಂದು ಸಲಕ್ಕೆ 25ರಿಂದ 30 ಫೋಟೊ, ಮುಕ್ಕಾಲು ಗಂಟೆ ಸಾಕು. ಪ್ರತಿ ಫೋಟೊಗೂ ಒಂದು ಚೀಟಿಯಲ್ಲಿ ಸಂಖ್ಯೆ ಬರೆದು ಜೊತೆಗಿಡಿ. ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ರೆಕಾರ್ಡರ್ ಶುರು ಮಾಡಿ, ಅಜ್ಜಿಯಿಂದ ಒಂದು ಅಡಿ ದೂರದಲ್ಲಿ ಮಡಿಸಿದ ಟವೆಲಿನ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ದೊಡ್ಡದಾಗಿ ಕೇಳುತ್ತದೆ. ಫ್ಯಾನ್ ಆರಿಸಿ. ಒಂದೊಂದೇ ಫೋಟೊ ಕೈಗೆ ಕೊಟ್ಟು, "ನಲವತ್ತೆರಡು" ಎಂದು ಸಂಖ್ಯೆಯನ್ನು ನೀವೇ ಗಟ್ಟಿಯಾಗಿ ಹೇಳಿ. ಇದನ್ನು ಬಿಟ್ಟರೆ ಆಮೇಲೆ ಕೇಳುವಾಗ "ಇವಳು ನಮ್ಮ ಸಾವಿತ್ರಿ, ಪಕ್ಕದಲ್ಲಿ ಅವಳ ನಾದಿನಿ" ಎಂಬ ಮಾತು ಯಾವ ಫೋಟೊಗೆ ಸೇರಿದ್ದೆಂದು ಗೊತ್ತಾಗುವುದಿಲ್ಲ. ಕಣ್ಣು ಮಂಜಾಗಿದ್ದರೆ ಚಿಕ್ಕ ಫೋಟೊಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4 ಅಳತೆಗೆ ಹಿಗ್ಗಿಸಿಕೊಂಡು ಹೋಗಿ. ಓರಗೆಯ ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ, ಜಗಳವಾದರೆ ಎರಡೂ ಮಾತನ್ನು ಬರೆದುಕೊಳ್ಳಿ.

ಬರೆಯುವಾಗ ಎಲ್ಲರೂ ಮಾಡುವ ತಪ್ಪು, ಸಂಬಂಧ ಬರೆದು ಹೆಸರು ಬಿಡುವುದು. "ದೊಡ್ಡಪ್ಪ, ಸೋದರತ್ತೆ, ಭಾವ" ಎಂದು ನೀವು ಬರೆದರೆ ನಿಮ್ಮ ಸೋದರತ್ತೆಯ ಮಗನಿಗೆ ಅದು ಬೇರೆ ಯಾರೋ ಆಗುತ್ತಾರೆ. ಪೂರ್ತಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು ಇವಿಷ್ಟೂ ಬೇಕು. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರನ್ನೂ ಬರೆಯಿರಿ. ಇಲ್ಲದಿದ್ದರೆ ಒಬ್ಬರೇ ಹೆಣ್ಣುಮಗಳು ವಂಶವೃಕ್ಷದಲ್ಲಿ ಇಬ್ಬರಾಗುತ್ತಾರೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ಇದರ ಉಲ್ಟಾ ಆಗುತ್ತದೆ, ಇಬ್ಬರು ಒಬ್ಬರಾಗುತ್ತಾರೆ. ಅಂಥ ಕಡೆ ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಿ, ಅಂದಾಜಾದರೂ ಸರಿ. ಮದುವೆ ಮನೆಯ ದೊಡ್ಡ ಗುಂಪು ಫೋಟೊಗೆ ಒಂದು ಜೆರಾಕ್ಸ್ ತೆಗೆಸಿ, ಪ್ರತಿ ತಲೆಯ ಮೇಲೂ ಸಂಖ್ಯೆ ಹಾಕಿ, ಪಕ್ಕದ ಹಾಳೆಯಲ್ಲಿ ಹೆಸರು ತುಂಬಿ. ನೆಲದಲ್ಲಿ ಕೂತ ಮಕ್ಕಳು ಒಂದನೆಯ ಸಾಲು, ಕುರ್ಚಿಯವರು ಎರಡನೆಯದು. ಎಡದಿಂದ ಅಂದರೆ ನೋಡುವವರ ಎಡದಿಂದ ಎಂದೂ ಬರೆದಿಡಿ.

ಪ್ರಶ್ನೆ: ಅಂಟು ಹಾಳೆಯ ಆಲ್ಬಂನಿಂದ ಫೋಟೊ ಬಿಡಿಸಲು ಹೋಗಿ ಒಂದು ಹರಿಯಿತು. ಉಳಿದದ್ದನ್ನು ಹೇಗೆ ತೆಗೆಯಲಿ?
— ಧಾರವಾಡದ ಓದುಗರು

ಉತ್ತರ: ಮೇಲೆ ಪ್ಲಾಸ್ಟಿಕ್ ಹೊದಿಕೆ, ಕೆಳಗೆ ಸಾಲುಸಾಲಾಗಿ ಅಂಟು ಬಳಿದ ರಟ್ಟು ಇರುವ ಈ ಆಲ್ಬಂ ಒಂದು ಕಾಲದಲ್ಲಿ ಪ್ರತಿ ಮದುವೆಗೂ ಉಡುಗೊರೆಯಾಗಿ ಬರುತ್ತಿತ್ತು. ಫೋಟೊಗೆ ಇದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಅಂಟು ಹಳತಾದಂತೆ ಹಳದಿಯಾಗಿ ಗಟ್ಟಿಯಾಗುತ್ತದೆ, ಹಿಂಬದಿಯ ಕಾಗದವನ್ನು ಹಿಡಿದುಬಿಡುತ್ತದೆ.

ಬಿಡಿಸುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾವ ಫೋಟೊದ ಪಕ್ಕ ಯಾವುದಿತ್ತು, ಅಂಚಿನಲ್ಲಿ ಏನು ಬರೆದಿತ್ತು ಎನ್ನುವುದು ಮುಂದೆ ಗುರುತು ಹಚ್ಚಲು ಬೇಕಾಗುತ್ತದೆ. ಆಮೇಲೆ ಪ್ಲಾಸ್ಟಿಕ್ಕನ್ನು ಒಂದು ಮೂಲೆಯಿಂದ ನಿಧಾನ ಎತ್ತಿ. ಔಷಧಿ ಅಂಗಡಿಯಲ್ಲಿ ಸಿಗುವ, ಹಲ್ಲಿನ ಸಂದಿಗೆ ಹಾಕುವ ದಾರವನ್ನು ಮೊಳದುದ್ದ ತೆಗೆದುಕೊಳ್ಳಿ. ಮೇಣ, ಪುದೀನ ಸವರದೇ ಇರುವುದಾಗಿರಲಿ. ಫೋಟೊದ ಮೂಲೆಯ ಕೆಳಗೆ ತೂರಿಸಿ, ಎರಡೂ ಕೈಯಲ್ಲಿ ಗರಗಸ ಎಳೆದಂತೆ ಎಳೆಯುತ್ತಾ ಮುಂದೆ ಸಾಗಿ. ದಾರ ರಟ್ಟಿಗೆ ಒತ್ತಿಕೊಂಡಿರಬೇಕು, ಫೋಟೊಗೆ ಅಲ್ಲ. ಬಗ್ಗಿಸುವುದಾದರೆ ರಟ್ಟನ್ನು ಬಗ್ಗಿಸಿ, ಫೋಟೊ ಮಟ್ಟಸವಾಗಿ ಇರಲಿ. ನಿಮ್ಮ ಫೋಟೊ ಹರಿದದ್ದೂ ಬಹುಶಃ ಅದನ್ನೇ ಹಿಡಿದು ಮೇಲಕ್ಕೆ ಎಳೆದದ್ದರಿಂದ.

ಅಷ್ಟಕ್ಕೂ ಬಿಡದಿದ್ದರೆ ರಟ್ಟಿನ ಹಿಂದಿನಿಂದ ಹೇರ್ ಡ್ರೈಯರನ್ನು ಅತಿ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ ಅರ್ಧ ನಿಮಿಷ ಹಿಡಿದು ಮತ್ತೆ ದಾರ ಹಾಕಿ. ಫೋಟೊದ ಮುಖಕ್ಕೆ ಬಿಸಿ ತಾಗಿಸಬೇಡಿ, ಚಿತ್ರವನ್ನು ಹಿಡಿದಿರುವ ಮೇಲಿನ ಜೆಲಟಿನ್ ಪದರ ಮೆತ್ತಗಾಗುತ್ತದೆ. ನೀರು, ಸೀಮೆಎಣ್ಣೆ, ನೈಲ್ ಪಾಲಿಶ್ ತೆಗೆಯುವ ದ್ರವ ಯಾವುದೂ ಬೇಡ. ಬಿಡಿಸಿದ ಫೋಟೊದ ಬೆನ್ನಲ್ಲಿ ಅಂಟು ಉಳಿದಿರುತ್ತದೆ, ಆದ್ದರಿಂದ ಒಂದರ ಮೇಲೊಂದು ಪೇರಿಸುವಾಗ ನಡುವೆ ಬಟರ್ ಪೇಪರ್ ಇಡಿ. ಮರೆತರೆ ಆಲ್ಬಂ ಬಿಟ್ಟು ಬಂದ ಫೋಟೊಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏನು ಮಾಡಿದರೂ ಬರದೇ ಇದ್ದರೆ ಬಿಟ್ಟುಬಿಡಿ. ಪ್ಲಾಸ್ಟಿಕ್ ಸರಿಸಿ ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ.

ಪ್ರಶ್ನೆ: ನಡುಮನೆಯಲ್ಲಿ ಕಟ್ಟು ಹಾಕಿಸಿದ ಮುತ್ತಜ್ಜನ ಫೋಟೊ ಗಾಜಿಗೆ ಅಂಟಿಕೊಂಡಿದೆ. ಮೂಲೆಯಲ್ಲಿ ಬೂಷ್ಟು ಬಂದಿದೆ. ನಾಲ್ಕು ಮನೆಯವರು ಪ್ರತಿ ಕೇಳುತ್ತಿದ್ದಾರೆ.
— ಉಡುಪಿಯ ಓದುಗರು

ಉತ್ತರ: ಗಾಜಿನಿಂದ ಬಿಡಿಸುವ ಪ್ರಯತ್ನವನ್ನೇ ಮಾಡಬೇಡಿ. ಕರಾವಳಿಯ ಮಳೆಗಾಲದ ತೇವಕ್ಕೆ ಫೋಟೊದ ಜೆಲಟಿನ್ ಉಬ್ಬಿ ಗಾಜಿಗೆ ಕಚ್ಚಿದೆ. ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿದುಬಿಟ್ಟೀತು. ಕಟ್ಟನ್ನು ಓರೆಯಾಗಿ ಹಿಡಿದು ನೋಡಿ: ಅಂಟಿರುವ ಕಡೆ ಒದ್ದೆಯಾದಂತೆ ಕಪ್ಪಗೆ ಹೊಳೆಯುತ್ತದೆ.

ಚೌಕಟ್ಟು, ಹಿಂದಿನ ರಟ್ಟು, ಮೊಳೆ ಇಷ್ಟನ್ನು ಬಿಚ್ಚಿ ಗಾಜಿನ ಸಮೇತವೇ ಪ್ರತಿ ತೆಗೆಯಿರಿ. ಇಲ್ಲೊಂದು ಸೂಕ್ಷ್ಮವಿದೆ. ಮನೆಯ ಪ್ರಿಂಟರಿಗೆ ಕೂಡಿಸಿರುವ ತೆಳು ಸ್ಕ್ಯಾನರ್‌ಗಳಲ್ಲಿ ಬಹುಪಾಲು ಸಿಐಎಸ್ ಮಾದರಿಯವು. ಸ್ಕ್ಯಾನರಿನ ಗಾಜಿಗೇ ತಾಗಿ ಮಲಗಿದ್ದು ಮಾತ್ರ ಅವಕ್ಕೆ ಸ್ಪಷ್ಟ, ಎರಡು ಮೂರು ಮಿಲಿಮೀಟರ್ ಗಾಜು ಅಡ್ಡ ಬಂದರೆ ಮಸುಕು. ಸಿಸಿಡಿ ಮಾದರಿಯ ದಪ್ಪ ಸ್ಕ್ಯಾನರ್ ಇದ್ದರೆ ತೊಂದರೆಯಿಲ್ಲ. ಅದು ಸಿಗದಿದ್ದರೆ ಕ್ಯಾಮೆರಾ ಸಾಕು. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಪಕ್ಕದ ಕಿಟಕಿಯ ಬೆಳಕು ಮಾತ್ರ ಓರೆಯಾಗಿ ಬೀಳುವಂತೆ ಫೋಟೊವನ್ನು ಗೋಡೆಗೆ ಒರಗಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೇರ ಎದುರಿಗೆ ಇಡಿ. ಲೆನ್ಸಿನಷ್ಟು ತೂತು ಮಾಡಿದ ಕಪ್ಪು ಬಟ್ಟೆಯನ್ನು ಕ್ಯಾಮೆರಾದ ಮುಂದೆ ಇಳಿಬಿಟ್ಟರೆ ನಿಮ್ಮದೇ ಬಿಂಬ ಗಾಜಿನಲ್ಲಿ ಬೀಳುವುದಿಲ್ಲ. ಗಾಜಿನ ಹೊರಗಿನ ಗಂಧ, ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಆದರೆ ಬಟ್ಟೆ ಹಿಂಡಿದ್ದಾಗಿರಲಿ. ಸುರಿದ ನೀರು ಅಂಚಿನಿಂದ ಒಳಗಿಳಿಯುತ್ತದೆ.

ಬೂಷ್ಟು ಜೆಲಟಿನ್ ತಿಂದೇ ಬೆಳೆಯುವುದು. ಫೋಟೊವನ್ನು ಒಣ ಕೋಣೆಯಲ್ಲಿ ಕೆಲವು ದಿನ ಗಾಳಿಗಿಟ್ಟು, ಬೂಷ್ಟು ಪುಡಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಲ್ಲಿ ಹೊರಗೆ ಕೊಡವಿ. ಬಿಸಿಲಿಗಿಟ್ಟರೆ ಸುರುಟುತ್ತದೆ. ಮತ್ತೆ ಕಟ್ಟು ಹಾಕಿಸುವಾಗ ಅಂಗಡಿಯವರಿಗೆ ಎರಡು ಮಾತು ಹೇಳಿ: ಗಾಜಿಗೆ ಅಂಟಿರದ ಬೇರೆ ಫೋಟೊಗಳಿಗೂ ಗಾಜಿಗೂ ನಡುವೆ ಎರಡು ಮಿಲಿಮೀಟರ್ ದಪ್ಪದ ರಟ್ಟಿನ ಅಂಚುಪಟ್ಟಿ ಕೊಡಲಿ, ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಲಿ. ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಿದರೆ ಅರ್ಧ ಬೂಷ್ಟು ಬರುವುದೇ ಇಲ್ಲ. ನೇತುಹಾಕುವುದು ಮೂಲವೇ ಆಗಬೇಕೆಂದೇನೂ ಇಲ್ಲ. ಒಳ್ಳೆಯ ಪ್ರತಿಯನ್ನು ಗೋಡೆಗೆ ಹಾಕಿ ಮೂಲವನ್ನು ಒಳಗಿಡಿ.

ಪ್ರಶ್ನೆ: ಮೊಬೈಲಿನಲ್ಲೇ ತೆಗೆದರೆ ಸಾಲದೇ? ಸ್ಟುಡಿಯೋದವರು 300 ಡಿಪಿಐ ಸಾಕು ಅಂತಾರೆ, ನನ್ನ ತಮ್ಮ 1200 ಬೇಕು ಅಂತಾನೆ.
— ಬೆಂಗಳೂರಿನ ಓದುಗರು

ಉತ್ತರ: ಡಿಪಿಐ ಎಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಸಾಮಾನ್ಯ ಫೋಟೊಗೆ 600. 4×6 ಇಂಚಿನ ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಸಿಗುತ್ತದೆ, ಎರಡರಷ್ಟು ದೊಡ್ಡದಾಗಿ ಮುದ್ರಿಸಬಹುದು. ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಅದಕ್ಕಿಂತ ಹೆಚ್ಚಿಸಿದರೆ ಕಾಗದದ ನಾರು ಕಾಣುತ್ತದೆ, ಮುಖ ಹೆಚ್ಚು ಕಾಣುವುದಿಲ್ಲ. ಬಹಳ ಮುಖ್ಯವಾದ ಐವತ್ತು ಅರವತ್ತನ್ನು ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿ (4×6ಕ್ಕೆ ಸುಮಾರು 26 ಎಂಬಿ), ಉಳಿದದ್ದಕ್ಕೆ ಕುಗ್ಗಿಸಿದ ಜೆಪೆಗ್ ಕಡತ ಸಾಕು. ಕಪ್ಪುಬಿಳುಪು ಫೋಟೊವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಕಂದು ಛಾಯೆ, ಕಲೆ, ಹಿಂದಿನ ಶಾಯಿ ಎಲ್ಲ ಬರುತ್ತದೆ. ಬೆನ್ನಲ್ಲಿ ಬರಹ, ಸ್ಟುಡಿಯೋ ಮೊಹರು ಇದ್ದರೆ ಬೆನ್ನನ್ನೂ ಸ್ಕ್ಯಾನ್ ಮಾಡಿ.

ನೆಗೆಟಿವ್ ಸಿಕ್ಕಿದರೆ ಅದನ್ನೇ ಮಾಡಿಸಿ, ಪ್ರಿಂಟಿಗಿಂತ ಅದರಲ್ಲಿ ವಿವರ ಜಾಸ್ತಿ. 35 ಮಿಲಿಮೀಟರ್ ನೆಗೆಟಿವ್ ಚಿಕ್ಕದಾದ್ದರಿಂದ ಅದಕ್ಕೆ 2400ರಿಂದ 3200 ಬೇಕು, ಹಿಂದಿನಿಂದ ಬೆಳಕು ಬರುವ ಸ್ಕ್ಯಾನರೇ ಆಗಬೇಕು.

ಮೊಬೈಲು ಗುರುತು ಹಚ್ಚುವ ಹಂತಕ್ಕೆ, ಮತ್ತು ಯಾರದ್ದೋ ಮನೆಗೆ ಹೋದಾಗ ಸಿಕ್ಕಿದ್ದನ್ನು ಹಿಡಿದಿಡಲು ಬಹಳ ಒಳ್ಳೆಯದು. ಗೂಗಲ್‌ನ ಫೋಟೊಸ್ಕ್ಯಾನ್ ಆ್ಯಪ್ ಒಂದೇ ಫೋಟೊವನ್ನು ಬೇರೆಬೇರೆ ಕೋನದಿಂದ ತೆಗೆಸಿ ಹೊಳಪನ್ನು ಕಳೆಯುತ್ತದೆ. ಆದರೆ ಅರವತ್ತು ಜನರ ಮದುವೆ ಗುಂಪು ಫೋಟೊಗೆ ಮೊಬೈಲನ್ನು ನಂಬಬೇಡಿ, ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ.

ಪ್ರಶ್ನೆ: ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ 140 ಜನ ಇದ್ದಾರೆ. ಹಾಕಿದ ಹಳೆಯ ಫೋಟೊಗಳು "ಗುಡ್ ಮಾರ್ನಿಂಗ್"ಗಳ ನಡುವೆ ಕಳೆದುಹೋಗುತ್ತವೆ. ಮತ್ತೆ ಯಾರೋ ಅದನ್ನೇ ಹಾಕುತ್ತಾರೆ, ಇನ್ನೂ ಮಸುಕಾಗಿ.
— ಮೈಸೂರಿನ ಓದುಗರು; ನ್ಯೂಜೆರ್ಸಿಯಿಂದಲೂ ಇದೇ ಪ್ರಶ್ನೆ

ಉತ್ತರ: ವಾಟ್ಸ್‌ಆ್ಯಪ್ ಹರಟೆಗೆ ಸರಿ, ಸಂಗ್ರಹಕ್ಕೆ ಅಲ್ಲ. ಲೆಕ್ಕ ನೋಡಿ. 12 ಇಂಚು ಅಗಲದ ಗುಂಪು ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ 7200 ಪಿಕ್ಸೆಲ್ ಅಗಲ. ಅದರಲ್ಲಿ ಒಂದು ಸೆಂಟಿಮೀಟರಿನ ಮುಖಕ್ಕೆ ಸುಮಾರು 236 ಪಿಕ್ಸೆಲ್ ಸಿಗುತ್ತದೆ. ಮಾಮೂಲಿಯಾಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಅಗಲವನ್ನು ಸುಮಾರು 1600ಕ್ಕೆ ಇಳಿಸುತ್ತದೆ. ಅದೇ ಮುಖಕ್ಕೆ ಆಗ ಉಳಿಯುವುದು 52. ಕಣ್ಣು ಎರಡು ಚುಕ್ಕೆಯಾಗುತ್ತದೆ. ಎಚ್‌ಡಿ ಆಯ್ಕೆ ಒತ್ತಿದರೆ ವಾಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಮೂಲ ಹಾಗೇ ಹೋಗುತ್ತದೆ.

ಮೂಲಗಳಿಗೆ ಬೇರೆ ಮನೆ ಮಾಡಿ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ, ಆದರೆ 2021ರ ಜೂನ್‌ನಿಂದ ಫೋಟೊ, ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ ಅಷ್ಟೆ. ಆದ್ದರಿಂದ ಯಾರದೋ ಸ್ವಂತ ಖಾತೆ ಬೇಡ, ಮನೆತನದ ಹೆಸರಿನಲ್ಲೇ ಹೊಸದೊಂದು ತೆರೆಯಿರಿ. ಒಂದಕ್ಕೆ 5 ಎಂಬಿ ಎಂದರೂ 800 ಫೋಟೊ 4 ಜಿಬಿಯಲ್ಲಿ ಮುಗಿಯುತ್ತದೆ. ಪಾಸ್‌ವರ್ಡ್ ಬೇರೆಬೇರೆ ಊರಿನ ಇಬ್ಬರಿಗೆ ಗೊತ್ತಿರಲಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಹೀಗಾಗಿ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಒಬ್ಬರು ಲಾಗಿನ್ ಆಗುವ ರೂಢಿ ಇಟ್ಟುಕೊಳ್ಳಿ. ಹಂಚಿದ ಆಲ್ಬಂನಲ್ಲಿ ಇನ್ನೊಂದು ಅಡಚಣೆ ಇದೆ. ಚಿಕ್ಕಪ್ಪ ತಮ್ಮ ಖಾತೆಯಿಂದ ಸೇರಿಸಿದ ಫೋಟೊವನ್ನು ಅವರು ಮೊಬೈಲ್ ಖಾಲಿ ಮಾಡುವಾಗ ಗೂಗಲ್ ಫೋಟೋಸ್‌ನಿಂದ ಅಳಿಸಿದರೆ ಆಲ್ಬಂನಿಂದಲೂ ಹೋಗುತ್ತದೆ. ಯಾರು ಏನು ಸೇರಿಸಿದರೂ ಮನೆತನದ ಖಾತೆಗೆ "ಸೇವ್" ಮಾಡಿಕೊಳ್ಳಿ.

ಕಡತದ ಹೆಸರು ವರ್ಷದಿಂದ ಶುರುವಾಗಲಿ: 1975-02, ಆಮೇಲೆ ಊರು, ಸಂದರ್ಭ, ಸಂಖ್ಯೆ. ತಿಂಗಳನ್ನು ಮೊದಲು ಹಾಕಿದರೆ ಎಲ್ಲ ಫೆಬ್ರುವರಿಗಳೂ ಒಂದು ಕಡೆ ಗುಂಪಾಗಿ ಕೂರುತ್ತವೆ. ಸ್ಕ್ಯಾನ್ ಮಾಡಿದ ಫೋಟೊಗೆ ಸ್ಕ್ಯಾನ್ ಮಾಡಿದ ದಿನವೇ ದಿನಾಂಕವಾಗಿ ಬೀಳುತ್ತದೆ, ಅಜ್ಜಿಯ ಮದುವೆ ಮೊನ್ನೆಯ ಸೀಮಂತದ ಪಕ್ಕ ಬಂದು ನಿಲ್ಲುವುದು ಅದಕ್ಕೇ. ಆಲ್ಬಂನಲ್ಲಿ ದಿನಾಂಕ ತಿದ್ದಿ.

ಹೆಸರುಗಳ ವಿಷಯಕ್ಕೆ ಬಂದರೆ, ಗೂಗಲ್ ಫೋಟೋಸ್‌ನಲ್ಲಿ ಟೈಪ್ ಮಾಡಿದ ವಿವರಣೆ ಡೌನ್‌ಲೋಡ್ ಮಾಡಿದಾಗ ಫೋಟೊದ ಒಳಗೆ ಕೂತು ಬರುತ್ತದೆಂದು ನಂಬಬೇಡಿ. ನಮ್ಮ ಸಲಹೆ ಸ್ವಲ್ಪ ಹಳೆಯ ಕಾಲದ್ದು: ಹಂಚುವ ಪ್ರತಿಯಲ್ಲಿ ಫೋಟೊದ ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ ಹೆಸರು, ಊರು, ವರ್ಷವನ್ನು ಅದರಲ್ಲೇ ಬರೆದುಬಿಡಿ. ಎಷ್ಟು ಸಲ ಫಾರ್ವರ್ಡ್ ಆದರೂ, ಎಷ್ಟು ಕುಗ್ಗಿದರೂ ಹೆಸರು ಜೊತೆಗೇ ಹೋಗುತ್ತದೆ. ಪಟ್ಟಿಯಿಲ್ಲದ ಮೂಲ ಖಾತೆಯಲ್ಲಿರಲಿ. ಗುಂಪಿನಲ್ಲಿ ಒಂದು ಸಲಕ್ಕೆ ಒಂದೇ ಫೋಟೊ ಹಾಕಿ, ಭಾನುವಾರ ಬೆಳಿಗ್ಗೆ ಹಾಕಿದರೆ ಉತ್ತರ ಹೆಚ್ಚು. ಐವತ್ತು ಒಟ್ಟಿಗೆ ಸುರಿದರೆ ಹೆಬ್ಬೆರಳು ಬರುತ್ತದೆ, ಹೆಸರು ಬರುವುದಿಲ್ಲ.

ಪ್ರಶ್ನೆ: ಫೋಟೊಗಳಲ್ಲಿ ದಿನಾಂಕವೇ ಇಲ್ಲ. ವರ್ಷ ಕಂಡುಹಿಡಿಯುವುದು ಹೇಗೆ?
— ಹಾಸನ, ಸಾಗರ ಮತ್ತು ಮುಂಬಯಿಯ ಓದುಗರು

ಉತ್ತರ: ಮದುವೆ ಫೋಟೊ ಆದರೆ ಮೊದಲು ಲಗ್ನಪತ್ರಿಕೆ ಹುಡುಕಿ. ಬೀರುವಿನ ಸೀರೆಯ ಮಡಿಕೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ, ಬೇರೆ ನೆಂಟರ ಮನೆಯಲ್ಲಾದರೂ ಒಂದು ಇರುತ್ತದೆ. ಇಂಗ್ಲಿಷ್ ತಾರೀಕು ಹರಿದುಹೋಗಿದ್ದರೂ ಸಂವತ್ಸರದ ಹೆಸರು ಉಳಿದಿದ್ದರೆ ಸಾಕು. ಅರವತ್ತು ಸಂವತ್ಸರಗಳ ಚಕ್ರ ಪ್ರಭವದಿಂದ ಶುರು. ನಮ್ಮ ಪಂಚಾಂಗದಲ್ಲಿ ಪ್ರಭವ ಬಂದದ್ದು 1927ರ ಯುಗಾದಿಗೆ, ಮತ್ತೆ 1987ರ ಯುಗಾದಿಗೆ. ಪಂಚಾಂಗದ ಪಟ್ಟಿಯಲ್ಲಿ ನಿಮ್ಮ ಸಂವತ್ಸರ ಎಷ್ಟನೆಯದು ನೋಡಿ, ಒಂದು ಕಳೆದು, 1927ಕ್ಕೆ ಕೂಡಿಸಿ. ಆನಂದ 48ನೆಯದು, 47 ಕೂಡಿಸಿದರೆ 1974. ಸೌಮ್ಯ 43ನೆಯದು, 1969. ಅರವತ್ತು ವರ್ಷ ಹಿಂದಿನ ಆನಂದವೋ ಈಚಿನದೋ ಎನ್ನುವುದು ಫೋಟೊ ನೋಡಿದರೇ ತಿಳಿಯುತ್ತದೆ.

ತಪ್ಪಾಗುವುದು ಇಲ್ಲಿ: ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಆನಂದ ಸಂವತ್ಸರದ ಮಾಘ ಮಾಸದ ಮದುವೆ 1974ರದ್ದಲ್ಲ, 1975ರ ಫೆಬ್ರುವರಿಯ ಆಸುಪಾಸಿನದು. ಪುಷ್ಯದ ಹೆಚ್ಚು ಭಾಗ, ಮಾಘ, ಫಾಲ್ಗುಣ ಬಂದರೆ ಒಂದು ವರ್ಷ ಮುಂದೆ ಹಾಕಿ. ಪತ್ರಿಕೆಯಲ್ಲಿ ಶಾಲಿವಾಹನ ಶಕವೂ ಇದ್ದರೆ 78 ಕೂಡಿಸಿ ತಾಳೆ ನೋಡಬಹುದು. ಆದರೆ ಕೆಲವರು ಗತ ಶಕ (ಕಳೆದ ವರ್ಷಗಳ ಲೆಕ್ಕ), ಕೆಲವರು ವರ್ತಮಾನ ಶಕ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಲೆಕ್ಕ) ಹಾಕುತ್ತಿದ್ದರಿಂದ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಆಗ ಸಂವತ್ಸರವನ್ನೇ ನಂಬಿ. ವಾರ, ತಿಥಿ ಎರಡೂ ಹೊಂದಿದರೆ ತಾರೀಕು ಖಚಿತ.

ಪತ್ರಿಕೆ ಸಿಗದಿದ್ದರೆ ಫೋಟೊದ ಬೆನ್ನು ತಿರುಗಿಸಿ. ಸ್ಟುಡಿಯೋ ಮೊಹರಿನಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದೇ. ಪಿನ್ ಕೋಡ್ ಜಾರಿಗೆ ಬಂದದ್ದೇ ಅಂದು. "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದಿರಬೇಕು, ಆದರೆ ಮೊಹರು ಒಮ್ಮೆ ಮಾಡಿಸಿದ್ದನ್ನು ವರ್ಷಗಟ್ಟಲೆ ಒತ್ತುತ್ತಿದ್ದರು ಎನ್ನುವುದು ನೆನಪಿರಲಿ. ಹಿಂದೆ ನಿಂತ ಸ್ಕೂಟರು, ಕಾರಿನ ಫಲಕದಲ್ಲಿ "ಕೆಎ" ಕಂಡರೆ 1989ರ ನಂತರ. ಅಂಗೈಯಗಲದ ಚೌಕ ಕಪ್ಪುಬಿಳುಪು ಫೋಟೊಗಳು, ಸುತ್ತ ಬಿಳಿ ಅಂಚು, ಒಂದು ಬದಿ ಸುಮಾರು ಎರಡೂಕಾಲು ಇಂಚು ಇದ್ದರೆ ಅವು ಬಹುಶಃ 120 ಎಂಬ ಅಗಲ ಫಿಲ್ಮ್ ರೋಲಿನವು: ಅಗ್ಫಾ ಕ್ಲಿಕ್-3ರಂಥ ಡಬ್ಬಿ ಕ್ಯಾಮೆರಾದಲ್ಲಿ ತೆಗೆದು, ಹಿಗ್ಗಿಸದೆ ನೆಗೆಟಿವ್‌ನಷ್ಟೇ ಪ್ರಿಂಟ್ ಹಾಕಿದ್ದು. ರೋಲಿಗೆ ಹನ್ನೆರಡೇ ಫೋಟೊ. ಆದ್ದರಿಂದ ಅದೇ ಅಂಚಿನ, ಅದೇ ಕಾಗದದ ಹನ್ನೆರಡರ ಕಟ್ಟು ಸಿಕ್ಕಿದರೆ ಒಂದರ ದಿನಾಂಕ ಗೊತ್ತಾದಾಗ ಉಳಿದವೂ ಆಸುಪಾಸಿನವೇ. ಮೂಲೆಯಲ್ಲಿ ಕಿತ್ತಳೆ ಬಣ್ಣದ ದಿನಾಂಕ ಬಿದ್ದಿರುವ ಕಲರ್ ಫೋಟೊಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ಗಡಿಯಾರ ಸರಿಮಾಡದವರೇ ಹೆಚ್ಚು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಕುಳ ಕೂಸು. ಅದು ಯಾರೆಂದು ಗೊತ್ತಾದರೆ ಆರು ತಿಂಗಳ ಅಂತರದಲ್ಲಿ ಫೋಟೊದ ಕಾಲ ಹೇಳಬಹುದು. ಆದರೆ ಕೂಸಿನ ವಯಸ್ಸನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಲೆಕ್ಕ ಹಾಕಬೇಡಿ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟರು ಬರೆಸಿಕೊಂಡ ತಾರೀಕು ಅದು. ಒಂದು ತಲೆಮಾರಿನ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದ್ದು ಹಾಗೆ. ಜಾತಕ ಕೇಳಿ.

ಪ್ರಶ್ನೆ: ಅಜ್ಜ ಹಾಡಿದ ತತ್ವಪದಗಳ ಎರಡು ಕ್ಯಾಸೆಟ್, ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ ಇವೆ. ಎಲ್ಲರಿಗೂ ಕಳಿಸಬಹುದೇ?
— ಕಲಬುರಗಿಯ ಓದುಗರು

ಉತ್ತರ: ಹಾಡಿನ ಕ್ಯಾಸೆಟ್ ಮನೆಯಲ್ಲೇ ಆಗುತ್ತದೆ. ನುಡಿಸುವ ಮೊದಲು ಪೆನ್ಸಿಲ್ ಹಾಕಿ ರೀಲನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿ. ವರ್ಷಗಟ್ಟಲೆ ಬಿಗಿದು ಕೂತ ರೀಲು ಸೀದಾ ಓಡಿಸಿದರೆ ಎಳೆದುಕೊಂಡು ರಾಗ ಅಲೆಯುತ್ತದೆ, ತುಂಡಾಗಲೂಬಹುದು. ಟೇಪ್ ರೆಕಾರ್ಡರಿನ ಹೆಡ್ಡನ್ನು (ರೀಲು ತಾಗಿ ಓಡುವ ಲೋಹದ ಭಾಗ) ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ವೈರು ಹಾಕಿದರೆ ಧ್ವನಿ ಒಡೆಯುತ್ತದೆ. ಲೈನ್-ಇನ್ (ಟೇಪ್ ರೆಕಾರ್ಡರಿನಂಥ ಸಾಧನದ ಧ್ವನಿ ಒಳಬರುವ ತೂತು) ಇರುವ ಯುಎಸ್‌ಬಿ ಆಡಿಯೊ ಅಡಾಪ್ಟರ್ ಕೊಳ್ಳಿ, ವಾಲ್ಯೂಮ್ ಮೂರನೇ ಒಂದು ಭಾಗದಲ್ಲಿರಲಿ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ ವೇವ್ ಕಡತವಾಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ, 60 ನಿಮಿಷದ ಕ್ಯಾಸೆಟ್ಟಿಗೆ 600. ಹಂಚಲು ಎಂಪಿ3 ಮಾಡಿ. ಸರಸರ ಸದ್ದು ತೆಗೆಯುವ ಆಟವನ್ನು ಪ್ರತಿಯ ಮೇಲೆ ಮಾತ್ರ ಆಡಿ. ಅತಿ ಮಾಡಿದರೆ ಸದ್ದಿನ ಜೊತೆ ಅಜ್ಜನ ಉಸಿರೂ, ತಾಳದ ಗುಂಗೂ ಹೋಗುತ್ತದೆ.

ಮದುವೆಯ ವಿಡಿಯೊ (ವಿಎಚ್‌ಎಸ್) ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿ: ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು, ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥದ್ದನ್ನು ಶುಚಿ ಮಾಡಿ ವರ್ಗಾಯಿಸುವವರಿಗೇ ಕೊಡಿ. ಡಿವಿಡಿ ಬೇಡ, ಎಂಪಿ4 ಕಡತ ಪೆನ್ ಡ್ರೈವಿನಲ್ಲಿ ಬೇಕು, ಹೊಸ ಟೈಟಲ್ಲು, ಹೊಸ ಹಾಡು ಸೇರಿಸಬೇಡಿ ಎಂದು ಮೊದಲೇ ಹೇಳಿ. ಒಂದು ನಿರಾಸೆಗೆ ಸಿದ್ಧರಾಗಿರಿ. ಆ ಕಾಲದ ಮದುವೆ ವಿಡಿಯೊಗಳಲ್ಲಿ ಮಂತ್ರ, ಮಾತು, ನಗು ಎಲ್ಲ ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ಕೂಡಿಸಿರುತ್ತಾರೆ. ಯೂಟ್ಯೂಬಿಗೆ ಹಾಕಿದರೆ ಅದೇ ಹಾಡಿಗೆ ಹಕ್ಕುಸ್ವಾಮ್ಯದ ತಕರಾರು ಬರಬಹುದು.

ಪ್ರಶ್ನೆ: ದೊಡ್ಡಪ್ಪನ ಮಗ ತನ್ನ ಹತ್ತಿರವಿರುವ ಆಲ್ಬಂ ಕೊಡುವುದಿಲ್ಲ ಅನ್ನುತ್ತಾನೆ. ಇನ್ನು ಕೆಲವು ಫೋಟೊಗಳಲ್ಲಿ ಚಿಕ್ಕಪ್ಪನ ಮೊದಲ ಮದುವೆಯದ್ದೂ ಇದೆ. ಗುಂಪಿಗೆ ಹಾಕಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: "ಕೊಡು" ಎಂದು ಕೇಳಬೇಡಿ, ಪಾಲಾದ ಮನೆಗಳಲ್ಲಿ ಆ ಮಾತಿಗೆ ಬೇರೆ ಅರ್ಥಗಳಿವೆ. "ಅಣ್ಣಾ, ನಿಮ್ಮ ಮನೆಗೇ ಬರ್ತೀನಿ, ನೀವೂ ಅತ್ತಿಗೆಯೂ ಕೂತು ಹೆಸರು ಹೇಳಿ" ಅನ್ನಿ. ಸ್ಕ್ಯಾನರನ್ನು ಅಲ್ಲಿಗೇ ಒಯ್ಯಿರಿ. 600 ಡಿಪಿಐನಲ್ಲಿ ಗಂಟೆಗೆ 30–40 ಫೋಟೊ ಎಂದು ಲೆಕ್ಕ ಹಾಕಿಕೊಂಡು ಒಂದು ಇಡೀ ದಿನ ಇಟ್ಟುಕೊಳ್ಳಿ. ಹೊರಡುವ ಮೊದಲು ಎಲ್ಲದರ ಪ್ರತಿಯನ್ನೂ ಪೆನ್ ಡ್ರೈವಿನಲ್ಲಿ ಅವರ ಕೈಗೆ ಕೊಟ್ಟು ಬನ್ನಿ. ಹಂಚುವಾಗ "ಇಂಥವರ ಸಂಗ್ರಹದಿಂದ" ಎಂದು ಬಿಳಿ ಪಟ್ಟಿಯಲ್ಲಿ ಅವರ ಹೆಸರೂ ಇರಲಿ. ಕೊಡುವುದಿಲ್ಲ ಎಂದವರು ಎರಡನೆಯ ಆಲ್ಬಂ ತಾವಾಗಿಯೇ ತೆಗೆಯುವುದು ಸಾಮಾನ್ಯವಾಗಿ ಇದಾದ ಮೇಲೆ.

ಮೊದಲ ಮದುವೆಯ ಫೋಟೊ ಸ್ಕ್ಯಾನ್ ಮಾಡಿ, ಹೆಸರು ಬರೆದು, ಹಂಚದ ಫೋಲ್ಡರಿನಲ್ಲಿ ಇಡಿ. ಅದನ್ನು ಹಾಕಬಹುದೇ ಎಂದು ಕೇಳಬೇಕಾದ್ದು ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರನ್ನೂ, ಗುಂಪನ್ನಲ್ಲ. ಶವದ ಫೋಟೊ, ಸಣ್ಣ ಮಕ್ಕಳ ಸ್ನಾನದ ಫೋಟೊ ಕೂಡ ಅಲ್ಲೇ. ಟ್ರಂಕಿನಲ್ಲಿ ಸಿಗುವ ಪಹಣಿ, ವಿಭಾಗಪತ್ರ, ಉಯಿಲುಗಳನ್ನು ಫೋಟೊಗಳ ಜೊತೆ ಬೆರೆಸಲೇಬೇಡಿ. ಹಳೆಯ ಪತ್ರವೆಂದು ಕುತೂಹಲಕ್ಕೆ ಹಾಕಿದ ಒಂದು ವಿಭಾಗಪತ್ರಕ್ಕೆ ಇಡೀ ಗುಂಪು ಒಡೆದೀತು.

ಪ್ರಶ್ನೆ: ಕುಟುಂಬದ ಪುಸ್ತಕ ಮುದ್ರಿಸುತ್ತಿದ್ದೇವೆ. ಸ್ಟುಡಿಯೋದವರು ತೆಗೆದ ಫೋಟೊ ಬಳಸಲು ಅವರ ಒಪ್ಪಿಗೆ ಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹಾಗೆನ್ನುತ್ತದೆ. ಪುಸ್ತಕಕ್ಕೆ ಫೋಟೊಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ ಇರಲಿ, ವಾಟ್ಸ್‌ಆ್ಯಪ್‌ನಿಂದ ಇಳಿಸಿಕೊಂಡದ್ದನ್ನು ಕೊಡಬೇಡಿ.

ಪ್ರಶ್ನೆ: ಎಐ ಆ್ಯಪ್‌ನಲ್ಲಿ ಅಜ್ಜಿಯ ಫೋಟೊಗೆ ಬಣ್ಣ ಹಾಕಿದೆವು, ಬಹಳ ಚೆಂದ ಬಂತು. ಮೂಲದ ಬದಲು ಅದನ್ನೇ ಇಟ್ಟುಕೊಳ್ಳಬಹುದೇ?
— ಮಂಡ್ಯದ ಓದುಗರು

ಉತ್ತರ: ಬೇಡ. ಸೀರೆಯ ಬಣ್ಣ ಆ್ಯಪ್‌ನ ಊಹೆ. ಮಸುಕಾದ ಮುಖವನ್ನು "ಸ್ಪಷ್ಟ" ಮಾಡಿದಾಗ ಕಣ್ಣು, ಮೂಗುತಿ, ಹಲ್ಲುಸಾಲು ಕೂಡ ಊಹೆಯೇ. ಬಣ್ಣ ಹಾಕಿದ್ದೆಂದು ಫೋಟೊದ ಮೇಲೇ ಬರೆದು ಹಂಚಿ. ಇಲ್ಲದಿದ್ದರೆ ಮುಂದಿನ ತಿಥಿಗೆ ಅದೇ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಬರುತ್ತದೆ.

ಇನ್ನು ಕೆಲವಕ್ಕೆ ಚುಟುಕಾಗಿ

ಲ್ಯಾಮಿನೇಶನ್ ಮಾಡಿಸಬಹುದೇ ಎಂದು ಕೇಳಿದವರಿಗೆ: ಮೂಲವನ್ನು ಎಂದೂ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ.

ಬೆನ್ನಲ್ಲಿ ಹೆಸರು ಬರೆಯಲು: ಬಾಲ್ ಪೆನ್ ಒತ್ತಿದರೆ ಮುಖದ ಕಡೆ ಗೆರೆ ಏಳುತ್ತದೆ. ಹಳೆಯ ಕಾಗದದ ಫೋಟೊಗೆ 4ಬಿ ಪೆನ್ಸಿಲ್, ಅಂಚಿನಲ್ಲಿ, ಮೆಲ್ಲಗೆ. ಪ್ಲಾಸ್ಟಿಕ್ ಲೇಪದ ಈಚಿನ ಕಲರ್ ಪ್ರಿಂಟಿನ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಕಾಗದದ ಲಕೋಟೆಯಲ್ಲಿ ಹಾಕಿ ಲಕೋಟೆಯ ಮೇಲೆ ಬರೆಯಿರಿ. ಬರೆದ ಮೇಲೆ ಫೋಟೊ ಒಳಗೆ ಹಾಕಿ.

ನುಸಿಗುಳಿಗೆ ಟ್ರಂಕಿನಲ್ಲಿ ಬೇಡ, ಅದರ ಆವಿ ಫೋಟೊಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಸೋರುತ್ತದೆ; ಟ್ರಂಕನ್ನು ಒಳಕೋಣೆಗೆ ಇಳಿಸಿ, ನೆಲದಿಂದ ಒಂದಡಿ ಮೇಲೆ.

ನೆರೆ ನೀರಿನಲ್ಲಿ ನೆನೆದ ಆಲ್ಬಂ ಬಗ್ಗೆ ಬೆಳಗಾವಿಯಿಂದ ಕೇಳಿದ್ದಾರೆ. ಒದ್ದೆ ಫೋಟೊಗಳ ಕಟ್ಟನ್ನು ಹಾಗೇ ಒಣಗಲು ಬಿಟ್ಟರೆ ಕಲ್ಲಾಗುತ್ತದೆ. ತಣ್ಣನೆಯ ಶುದ್ಧ ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟು ಒಂದೊಂದಾಗಿ ತಾವೇ ಬಿಡುವಂತೆ ಮಾಡಿ, ಮುಖ ಮುಟ್ಟದೆ ಅಂಚು ಹಿಡಿದು ತೆಗೆದು, ಹತ್ತಿ ಬಟ್ಟೆಯ ಮೇಲೆ ಮುಖ ಮೇಲಾಗಿ ನೆರಳಲ್ಲಿ ಹರಡಿ. ಇಂಕ್‌ಜೆಟ್ ಪ್ರಿಂಟುಗಳನ್ನು ಮಾತ್ರ ನೀರಿಗೆ ಹಾಕಬೇಡಿ, ಬಣ್ಣ ಹರಿಯುತ್ತದೆ. ಎರಡು ದಿನದೊಳಗೆ ಕೈ ಹಾಕಲು ಆಗದಿದ್ದರೆ ಹತ್ತಿಪ್ಪತ್ತರ ಕಟ್ಟು ಮಾಡಿ, ನಡುವೆ ಬಟರ್ ಪೇಪರ್ ಕೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಬಿಡುವಾದಾಗ ಒಂದೊಂದೇ ಚೀಲ ಹೊರತೆಗೆದು, ಮಂಜು ಕರಗುತ್ತಿದ್ದಂತೆ ಬಿಡಿಸಿ ಒಣಗಿಸಬಹುದು.